ಇವಳಲ್ಲ

ಮೈನಸ್ ಮೂವತ್ತೆಂಟು. ಜೀಪಿನ ಗಾಜಿಗೆ ಒಳಗಡೆಯೂ ಹಿಮ.
ಬಾಟಲಿ ನನ್ನ ಕಂಕುಳಲ್ಲಿದೆ,
ಕುರಿಚರ್ಮದ ನಿಲುವಂಗಿಯೊಳಗೆ, ಅದರೊಳಗಿನ ಅಂಗಿಯೊಳಗೆ,
ಬಯಲಲ್ಲಿ ಹುಟ್ಟಿದ ಮರಿಯನ್ನು ಮನೆಗೆ ಹೊತ್ತು ತರುವ ಜಾಗದಲ್ಲಿ.
ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಟ್ಟಂತೆ ಎಂದಿದ್ದಳು ನರ್ಸ್ ತ್ಸೆರ್ಮಾ.
ಕರಗಿದ ಮೇಲೆ ನೋಡಿದರೆ ಗೊತ್ತೇ ಆಗದಂತೆ,
ಆಣೆ ಇಟ್ಟು ಸುಳ್ಳು ಹೇಳುವವನ ಮುಖದ ಹಾಗೆ.

ಪಕ್ಕದಲ್ಲಿ ಮಗಳು. ಏಳು ವರ್ಷ.
ಸುಮ್ಮನೆ ಕೂರುವವಳಲ್ಲ, ಎಣಿಸುತ್ತಾಳೆ:
ಲಾರಿ ಎರಡು. ಒಂಟೆ ಹನ್ನೊಂದು.
ಅಪ್ಪಾ, ಸತ್ತ ಒಂಟೆಯನ್ನೂ ಸೇರಿಸಬಹುದಾ?

ಮೊದಲೆಲ್ಲ ರಾತ್ರಿ ಮೂರಕ್ಕೆ ಏಳುತ್ತಿದ್ದದ್ದು ತೋಳಕ್ಕೆ.
ನಾಯಿ ಬೊಗಳುವ ಬಗೆಯಲ್ಲೇ ತಿಳಿಯುತ್ತಿತ್ತು
ಬಂದದ್ದು ತೋಳವೋ, ಹಗ್ಗ ಬಿಚ್ಚಿಕೊಂಡ ನೆರೆಯವನ ಕುದುರೆಯೋ.
ಇದಕ್ಕೆ ನಾಯಿ ಬೊಗಳುವುದಿಲ್ಲ.
ಒಲೆಗೆ ಒಣ ಸಗಣಿ ಒಡ್ಡಿ, ಹಣೆಗೆ ಟಾರ್ಚು ಕಟ್ಟಿ,
ನಿದ್ದೆಯಲ್ಲಿರುವ ಬೆರಳನ್ನು ಹುಡುಕಿ ಚುಚ್ಚುತ್ತೇನೆ.
ಅವಳು ಏಳುವುದಿಲ್ಲ.
ಈಗೀಗ ಬೆರಳು ಮಾತ್ರ ತಾನಾಗಿ ಕಂಬಳಿಯಿಂದ ಹೊರಗೆ ಬರುತ್ತದೆ.
ಅದು ಹಾಗೆ ಬಂದ ಮೊದಲ ರಾತ್ರಿ
ನಾನು ಹೊರಗೆ ಹೋಗಿ ಕುರಿಗಳ ನಡುವೆ ನಿಂತಿದ್ದೆ,
ಸುಮಾರು ಹೊತ್ತು.

ಅಮ್ಮನಿಗೆ ಸೂಜಿಯ ಮೇಲೆ ಸಿಟ್ಟಿಲ್ಲ, ಹೆಸರಿನ ಮೇಲೆ.
ಮರಲ್ಮಾ! ಜಿಂಕೆಯ ಹೆಸರು.
ಕೇಳಿದವರಿಗೆಲ್ಲ ಆಸೆ ಹುಟ್ಟಿಸುವ ಹೆಸರು ಯಾಕಿಟ್ಟೆ?
ಮಕ್ಕಳು ಉಳಿಯದ ಮನೆಯಲ್ಲಿ ಹಿಂದಿನವರು
ಎನೆಬಿಶ್ ಎಂದು ಕರೆಯುತ್ತಿದ್ದರು. 'ಇದಲ್ಲ' ಎಂದು ಅರ್ಥ.
ಇವನಲ್ಲ, ಇವಳಲ್ಲ.
ಹುಡುಕಿಕೊಂಡು ಬಂದದ್ದು ಬಾಗಿಲಲ್ಲೇ ತಬ್ಬಿಬ್ಬಾಗಿ
ಬೇರೆ ದಾರಿ ಹಿಡಿಯಲಿ ಎಂದು.
ಹೊಸ ಹೆಸರನ್ನು ಅಮ್ಮ ಕಿವಿಯಲ್ಲಿ ಮೂರು ಸಲ ಹೇಳಿ,
ಹಳೆಯದಕ್ಕೆ ಓಗೊಡಬೇಡ ಎಂದಳು,
ಯಾರೇ ಕರೆಯಲಿ.
ನಾನು ನಂಬುವವನಲ್ಲ. ಬೇಡವೆನ್ನಲೂ ಇಲ್ಲ.

ಪ್ರಾಂತ್ಯದ ಆಸ್ಪತ್ರೆಗೆ ನಾಲ್ಕು ಕಿಟಕಿ.
ಒಂದನೆಯದು ಎರಡಕ್ಕೆ ಕಳಿಸಿತು, ಎರಡಕ್ಕೆ ಊಟದ ಹೊತ್ತು.
ಮೂರನೆಯದು ಕೇಳಿತು: ದುಂಡು ಮೊಹರೆಲ್ಲಿ? ಇದು ಚೌಕ.
ಚೌಕದ್ದಕ್ಕೇ ಇನ್ನೂರ ಮೂವತ್ತು ಕಿಲೋಮೀಟರು ಬಂದಿದ್ದೇನೆ ತಾಯೀ,
ದುಂಡಗಿನದು ಇನ್ನೆಷ್ಟು ದೂರ?
ಅವಳು ನಗಲಿಲ್ಲ. ಡ್ರಾಯರು ಎಳೆದು ತಾನೇ ಒತ್ತಿದಳು.
ಒತ್ತಿದ ಮೇಲೆ ಒಂದು ಗಳಿಗೆ ಅದನ್ನೇ ನೋಡುತ್ತಿದ್ದಳು.

ನಾಲ್ಕನೆಯ ಕಿಟಕಿಯ ಬೆಂಚು. ನಮ್ಮ ಚೀಟಿ ನಲವತ್ತೊಂದು.
ದೋರ್ಜ್‌ಪಾಲಮ್ ಮಗಳು ಮರಲ್ಮಾ!
ಮಗಳು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದಾಳೆ.
ಮರಲ್ಮಾ!
ಬೂಟಿನ ತುದಿ ನೋಡುತ್ತಿದ್ದಾಳೆ. ಏಳೇ, ಎಂದೆ.
ತಲೆಯಾಡಿಸಿದಳು.
ನಲವತ್ತೆರಡು! ಕಾಲಿಗೆ ಪ್ಲಾಸ್ಟರು ಹಾಕಿದ ಮುದುಕ
ಊರುಗೋಲು ಊರಿ ಆಗಲೇ ಅರ್ಧ ಎದ್ದಿದ್ದ.

ಇವಳೇ, ಎಂದೆ.
ದನಿ ಅಷ್ಟು ದೊಡ್ಡದಾದೀತೆಂದು ನನಗೂ ಗೊತ್ತಿರಲಿಲ್ಲ.
ಇವಳೇ ಮರಲ್ಮಾ, ಇವಳೇ ನನ್ನ ಮಗಳು, ಇಲ್ಲೇ ಇದ್ದಾಳೆ.
ಕಿಟಕಿಗೆ ಕೇಳಿತು, ಮುದುಕನಿಗೆ ಕೇಳಿತು, ಮಹಡಿಗೂ ಕೇಳಿರಬೇಕು.
ಹುಡುಕಿಕೊಂಡು ಬಂದದ್ದಕ್ಕೂ ಕೇಳಿದ್ದರೆ
ಕೇಳಲಿ.
ಅದಕ್ಕೆ ಮನೆ ಎಂದೋ ಗೊತ್ತಾಗಿದೆ.

ಐದು ಬಾಟಲಿ, ಎರಡು ಡಬ್ಬಿ ಪಟ್ಟಿ.
ಅರವತ್ತೆಂಬತ್ತು ಸಲ ಚುಚ್ಚಬೇಕಾದಲ್ಲಿ ಐವತ್ತಕ್ಕೆ ಸಾಕು.
ಡಾಕ್ಟರು ಕ್ಷಮೆಯೋ ಕೆಮ್ಮೋ ತಿಳಿಯದ ಸದ್ದು ಮಾಡಿದರು.

ಜೀಪಿನವರೆಗೆ ಮಗಳು ಮಾತಾಡಲಿಲ್ಲ. ಆಮೇಲೆ:
ಅಜ್ಜಿಗೆ ಹೇಳಬೇಡ.
ಆಮೇಲೆ: ಒಂದು ನನಗೆ ಕೊಡು, ನಾನು ಇಟ್ಟುಕೊಳ್ಳುತ್ತೇನೆ.
ಗುಂಡಿ ಬಿಚ್ಚಿ, ಅಂಗಿಯೊಳಗೆ ಕೈ ತೂರಿಸಿ ಇಟ್ಟುಕೊಂಡಳು.
ಥಣ್ಣಗಿದೆ. ಕಚಗುಳಿ ಅಪ್ಪಾ.
ಕೈ ಎತ್ತಬೇಡ, ಎಂದೆ.

ಎತ್ತಲಿಲ್ಲ.
ಇನ್ನೊಂದು ಕೈಯಿಂದ ಗಾಜಿನ ಹಿಮ ಕೆರೆದು
ಒಂಟೆ ಎಣಿಸಿದಳು. ಈ ಸಲ ಒಂಬತ್ತು.
ಉಳಿದ ಎರಡು ಎಲ್ಲಿ ಎಂದು ಕೇಳುತ್ತಾಳೆ,
ನಾನು ದಾರಿ ನೋಡುತ್ತಿದ್ದೇನೆ.